ಗುಂತಕಲ್ಲಿನ ತಂಗಿ

ಒಂದು ಜೇಬಿಗೆ ಒಂದೂವರೆ ರೂಪಾಯಿ.
ಜೀನ್ಸಿನ ಹಿಂದಿನ ಜೇಬು, ಎರಡು ಸಾಲು ಹಳದಿ ದಾರ,
ಮೂಲೆಗೊಂದು ಗಟ್ಟಿ ಹೊಲಿಗೆ.
ದಿನಕ್ಕೆ ಮುನ್ನೂರು ಹೊಲಿದರೆ
ದೇವರ ಪಾಲು ಮೂವತ್ತು ಜೇಬು.
ಪಾಸ್ಟರಯ್ಯನ ಉದ್ದ ಪುಸ್ತಕದಲ್ಲಿ ನನ್ನದೂ ಒಂದು ಸಾಲು:
ಸುವಾರ್ತಮ್ಮ, ಕೌಲ್ ಬಜಾರ್.
ದಶಮಾಂಶ ಕಮ್ಮಿಯಾದ ತಿಂಗಳು
ಹೆಸರಿನ ಕೆಳಗೆ ಕೆಂಪು ಗೆರೆ.
ಗೆರೆ ಬಿದ್ದವಳಿಗಾಗಿ ಭಾನುವಾರ ಸಭೆಯೆಲ್ಲ ಮೊಣಕಾಲೂರುತ್ತದೆ.
ಅದರ ಬದಲು ಬೈದಿದ್ದರೆ ತಡಕೊಳ್ಳಬಹುದಿತ್ತು.

ಸುಳ್ಳು ಹೇಳಬಾರದು.
ಯೇಸುರತ್ನ ಸತ್ತ ರಾತ್ರಿ
ಓಣಿಯವರು ಬಾಗಿಲು ಎಳಕೊಂಡಾಗ
ಹೆಣಕ್ಕೆ ಹೆಗಲು ಕೊಡಲು ಬಂದದ್ದು ಅವರೇ,
ಇಸ್ತ್ರಿ ಮಾಡಿದ ಬಿಳಿ ಅಂಗಿಯ ತೋಳು ಮಡಚಿಕೊಂಡು.
ಆ ತೋಳು ನೆನೆನೆನೆದು
ಏಳು ವರ್ಷ ತಲೆ ತಗ್ಗಿಸಿದೆ.

ಆತ್ಮ ನನ್ನನ್ನು ಮೊದಲು ಹಿಡಿದದ್ದು ಬೆಂಡೋಲೆಯಿಂದ.
'ಇಲ್ಲೊಬ್ಬ ಸಹೋದರಿ ಅಕ್ಕಿ ಡಬ್ಬಿಯಲ್ಲಿ
ಬಂಗಾರ ಮುಚ್ಚಿಟ್ಟಾಳೆ, ದೇವರು ತೋರಿಸ್ತಾ ಇದ್ದಾನೆ.'
ಕೀಬೋರ್ಡು ಸಣ್ಣಗೆ ಅಳುತ್ತಿತ್ತು.
ಮನೆಗೆ ಓಡಿ ತಂದುಕೊಟ್ಟೆ,
ಅಮ್ಮನ ಬೆಂಡೋಲೆ, ತಿರುಪಿಗೆ ನುಚ್ಚು ಮೆತ್ತಿದ್ದು ಹಾಗೇ.
ಮೈ ಜುಮ್ಮಂದಿತು. ಹೆದರಿಕೆಗಲ್ಲ.
ಯಾರೋ ಒಬ್ಬರು ನನ್ನ ಅಡುಗೆಮನೆ ತನಕ
ಇಣುಕಿ ನೋಡಿದರಲ್ಲ, ಅಂತ.

ಆಮೇಲೆ ಯೋನಾತಾನನ ಫಿಟ್ಸಿನ ಮಾತ್ರೆ.
ದೊಡ್ಡಾಸ್ಪತ್ರೆಯ ಸಾಲಲ್ಲಿ ಅರ್ಧ ದಿನ ನಿಂತು ತಂದವು.
'ಮಾತ್ರೆ ಕೂತಿರೋ ಜಾಗದಾಗೆ
ಸ್ವಸ್ಥತೆ ಎಲ್ಲಿ ಕೂರಬೇಕಮ್ಮ?'
ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಚೀಟಿ ಸಮೇತ ಕೊಟ್ಟೆ.
ಹನ್ನೊಂದನೇ ದಿನ ಹುಡುಗ ನಲ್ಲಿಯ ಹತ್ತಿರ ಬಿದ್ದ,
ಕೊಡ ಒಂದು ಕಡೆ, ತಾನೊಂದು ಕಡೆ,
ವಾಷಿಂಗ್ ಘಟಕದ ನೀಲಿ ನೀರು ಹರಿಯುವ ಮೋರಿಯಲ್ಲಿ
ಕೆನ್ನೆ.
ತೊಳೆದರೂ ಮೂರು ದಿನ ನೀಲಿ.
ನಾಲಗೆ ಕಚ್ಚಿಕೊಂಡಿದ್ದ.
ಪಾಸ್ಟರಯ್ಯ ಮಗನನ್ನು ನೋಡಲಿಲ್ಲ, ನನ್ನನ್ನು ನೋಡಿದರು:
'ಈ ಮನೆಯಾಗೆ ಯಾರದೋ ಗೊಣಗಾಟ ಐತೆ.'

ಇತ್ತು. ಆವತ್ತಿನಿಂದ ಇತ್ತು.

ಮಂಗಳವಾರದ ಉಪವಾಸ ಪ್ರಾರ್ಥನೆ ಮುಗಿದ ಮೇಲೆ
ಪಾಸ್ಟರಮ್ಮ ತಲೆಗೆ ಎಣ್ಣೆ ಹಚ್ಚುತ್ತಾರೆ.
ಬೆಚ್ಚಗಿನ ಬೆರಳು, ಬೆಚ್ಚಗಿನ ಪ್ರಶ್ನೆ.
ಏಳು ವರ್ಷ ನಾನು ಬಾಯಿಬಿಟ್ಟದ್ದೆಲ್ಲ ಆ ಬೆರಳುಗಳ ಕೆಳಗೇ.
ಡಬ್ಬಿಯ ಮಾತೂ.
ಆ ಮಂಗಳವಾರ ಅಲ್ಲೇ ಕೂತು ಒಬ್ಬ ತಂಗಿಯನ್ನು ಹೆತ್ತೆ.
ಹೆಸರು ಕೃಪಾಮಣಿ. ಇರೋದು ಗುಂತಕಲ್ಲಲ್ಲಿ,
ರೈಲ್ವೆ ಕ್ವಾಟ್ರಸ್ಸಿನ ಹಿಂದೆ, ಎರಡು ಆಡು ಸಾಕಿದಾಳೆ,
ನಂಗೆ ಅಂತ ಎಂಟು ಸಾವಿರ ಕೂಡಿಟ್ಟಾಳೆ,
ಯಾರಿಗೂ ಹೇಳಬ್ಯಾಡಿ ಅಮ್ಮ.
ನೆತ್ತಿಯ ಮೇಲೆ ಬೆರಳು ಒಂದು ಗಳಿಗೆ ನಿಂತವು.
ಮತ್ತೆ ನಡೆದವು.

ಭಾನುವಾರ.
ಮೈಕು, ಕೀಬೋರ್ಡು, ಮುಚ್ಚಿದ ಕಣ್ಣು.
'ಗುಂತಕಲ್... ಗುಂತಕಲ್ ಅಂತ ಕೇಳಿಸ್ತಾ ಐತೆ ನಂಗೆ.
ರೈಲು ಕಾಣ್ತಾ ಐತೆ. ಒಬ್ಬ ತಂಗಿ. ಕರ್ತನಿಗೆ ಸಲ್ಲಬೇಕಾದ ಎಂಟು...'
ಸಭೆ ಆಮೆನ್ ಅಂದಿತು.
ನಾನೂ ಅಂದೆ. ಬಾಯಿಯ ರೂಢಿ.
ಕೈ ಮಾತ್ರ ಮೇಲೇಳಲಿಲ್ಲ,
ಬೇರೆ ಯಾರದೋ ಕೈ ಹಾಗೆ ಮಡಿಲಲ್ಲಿ ಬಿದ್ದಿತ್ತು.

ಮಾತ್ರೆ ಮತ್ತೆ ತಂದಿದ್ದೇನೆ.
ದೀವೆನಮ್ಮನಿಗೆ ಹೇಳಹೋದೆ, ಅವಳು ಕಿವಿ ಮುಚ್ಚಿದಳು:
'ಅಭಿಷಿಕ್ತರನ್ನ ಮುಟ್ಟಬ್ಯಾಡ, ಮಗು ಇರೋಳು ನೀನು.'
ಅವಳ ಬಳೆಗಳೂ ಅಲ್ಲೇ ಇವೆ.
ಈಗ ನನ್ನ ಕಂಡರೆ ಓಣಿಯ ಆ ಪಕ್ಕಕ್ಕೆ ದಾಟುತ್ತಾಳೆ.
ಫೋನು ಬರುತ್ತದೆ, ದಿನಾ, ರಾತ್ರಿ ಒಂಬತ್ತಕ್ಕೆ.
ಎತ್ತುವುದಿಲ್ಲ. ಆಫೂ ಮಾಡುವುದಿಲ್ಲ.

ಜೇಬು ಹೊಲಿಯುತ್ತ ಕೇಳುತ್ತೇನೆ:
ಕರ್ತನೇ, ಆ ಡಬ್ಬಿಯನ್ನು ನೀನೂ ನೋಡಿದ್ದೆಯಾ?
ನೋಡಿದ್ದರೆ ಹೇಳು.
ಮೈಕಿಲ್ಲದೆ ಹೇಳು, ನನಗೊಬ್ಬಳಿಗೇ.
ಸೂಜಿ ಓಡುತ್ತದೆ. ದಾರ ಮುಗಿಯುತ್ತದೆ. ಪೋಣಿಸುತ್ತೇನೆ.

ಇನ್ನು ಯೋನಾತಾನ, ಅವನೂ ಅವತ್ತು ಸಭೆಯಲ್ಲಿದ್ದನಲ್ಲ,
ಊಟಕ್ಕೆ ಕೂತಾಗೆಲ್ಲ ಕೇಳುತ್ತಾನೆ,
ಗುಂತಕಲ್ಲಿನ ಚಿಕ್ಕಮ್ಮ ಯಾವಾಗ ಬರ್ತಾಳೆ?
ಆಡು ಎಷ್ಟು ಅಂದಿ?
ಎರಡು, ಅನ್ನುತ್ತೇನೆ. ಒಂದು ಕಪ್ಪು.